ಬಿಸಿಯಾದ ಚೋಕ್ ವೈರು

ಹೋದ ವರ್ಷ ಆಷಾಢದ ಒಂದು ಬೆಳಿಗ್ಗೆ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಕೂತು ನಮ್ಮ ಪ್ರೀಮಿಯರ್ ಪದ್ಮಿನಿಗೆ ಸೆಲ್ಫ್ ಹೊಡೆಯುತ್ತಿದ್ದೆ. ಗರ್ರ್... ಗರ್... ಗ... ಅಷ್ಟೇ. ಕೆಸರಲ್ಲಿ ಮಲಗಿದ ಎಮ್ಮೆ ಏಳಲೋ ಬೇಡವೋ ಎಂದು ಯೋಚಿಸುವ ಹಾಗೆ ಎಂಜಿನ್ನು ಅರ್ಧ ಸುತ್ತು ತಿರುಗಿ ಕೂತುಬಿಡುತ್ತಿತ್ತು. ನಾಲ್ಕನೆಯದೋ ಐದನೆಯದೋ ಪ್ರಯತ್ನದ ನಂತರ ಚೋಕನ್ನು ಒಳಗೆ ತಳ್ಳಲು ಹೋದರೆ ಗುಂಡಿಯ ಬುಡದ ಕಬ್ಬಿಣ ಬೆರಳನ್ನು ಚುರ್ ಎನಿಸಿತು. ಆಗತಾನೇ ಒಲೆಯಿಂದ ಇಳಿಸಿದ ಪಾತ್ರೆಯಷ್ಟು ಬಿಸಿ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಓಮನ ನಿಯಮ ಪಾಠ ಮಾಡಿದವನು ನಾನು. ಚೋಕ್ ವೈರು ಅನ್ನುವುದು ಕಾರ್ಬೋರೇಟರಿನ ಒಂದು ಸಣ್ಣ ಸನ್ನೆಯನ್ನು ಎಳೆಯುವ ಉಕ್ಕಿನ ತಂತಿ, ಅದಕ್ಕೂ ವಿದ್ಯುತ್ತಿಗೂ ಯಾವ ಸಂಬಂಧವೂ ಇಲ್ಲ, ಅದು ಯಾಕೆ ಬಿಸಿಯಾಗಬೇಕು ಎಂದು ಒಂದು ನಿಮಿಷ ಯೋಚಿಸಿದ್ದರೆ ಅಲ್ಲೇ ಉತ್ತರ ಸಿಗುತ್ತಿತ್ತು. ಯೋಚಿಸಲಿಲ್ಲ. ಬೆರಳು ಊದಿಕೊಂಡು ಒಳಗೆ ಹೋಗಿ ಕಾಫಿ ಕುಡಿದೆ. ಅಷ್ಟರೊಳಗೆ ಆ ಕಾರಿಗೆ ಹೊಸ ಬ್ಯಾಟರಿ ಬಂದಾಗಿತ್ತು, ಸೆಲ್ಫ್ ಮೋಟಾರು ಬಿಚ್ಚಿ ಬುಶ್ಶು ಬದಲಿಸಿ ಕೂರಿಸಿದ್ದಾಗಿತ್ತು, ಯಾರೋ ಹೇಳಿದರೆಂದು ಇಗ್ನಿಷನ್ ಕಾಯಿಲ್ಲೂ ಹೊಸದು. ಮೂರಕ್ಕೂ ಬಿಲ್ಲು ಇದೆ. ಮೂರರಿಂದಲೂ ಕೂದಲೆಳೆಯಷ್ಟು ಪ್ರಯೋಜನ ಆಗಿರಲಿಲ್ಲ.

ಪದ್ಮಿನಿಯ ಪರಿಚಯ ಇಲ್ಲದ ಹುಡುಗರಿಗೆ ಎರಡು ಮಾತು. 1964ರಿಂದ ಮುಂಬಯಿಯ ಕುರ್ಲಾದಲ್ಲಿ ಫಿಯೆಟ್ 1100 ಆಗಿ ತಯಾರಾಗುತ್ತಿದ್ದ ಕಾರಿಗೇ ಎಪ್ಪತ್ತರ ದಶಕದಲ್ಲಿ ಚಿತ್ತೋಡಿನ ರಾಣಿಯ ಹೆಸರು ಬಂತು. 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ನು, ಸ್ಟೀರಿಂಗಿನ ಕಂಬಕ್ಕೇ ಅಂಟಿಕೊಂಡ ಗೇರು. ಇದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಇವತ್ತಿನ ಕಾರಾದರೆ ಡ್ಯಾಶ್‌ಬೋರ್ಡಿನ ಕೆಳಗೊಂದು ಪ್ಲಗ್ಗು ಸಿಕ್ಕಿಸಿದರೆ ಎಲ್ಲಿ ನೋವು ಅಂತ ಅದೇ ಹೇಳುತ್ತದೆ. ಹಳೇ ಕಾರು ಮಾತು ಬಾರದ ಮಗುವಿನ ಹಾಗೆ. ಅಳುವ ಧಾಟಿ ಕೇಳಿ, ಮೈಮುಟ್ಟಿ, ಮೂಸಿ, ಕಣ್ಣು ನೋಡಿ ಕಾಯಿಲೆ ಹಿಡಿಯಬೇಕು.

ಕೊನೆಗೆ ಬಂದವರು ಪೇಟೆಯಲ್ಲಿ ಗ್ಯಾರೇಜು ಮುಚ್ಚಿ ಮಗನ ಮನೆಯಲ್ಲಿ ವಿಶ್ರಾಂತಿಯಲ್ಲಿದ್ದ ಹಳೇ ಮೇಸ್ತ್ರಿ. ಕೈಯಲ್ಲಿ ಒಂದು ಸ್ಪ್ಯಾನರೂ ಇರಲಿಲ್ಲ. ಬಾನೆಟ್ಟು ಎತ್ತುವುದಕ್ಕೂ ಮುಂಚೆ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ಕೇಳಿದರು: "ಮೇಷ್ಟ್ರೇ, ತಿರುಗ್ತಾ ಇಲ್ವೋ, ತಿರುಗಿದ್ರೂ ಹತ್ತತಾ ಇಲ್ವೋ?"

ಈ ಒಂದು ಪ್ರಶ್ನೆಯಲ್ಲಿ ಅರ್ಧ ವಿದ್ಯೆ ಇದೆ. ಕಾರು ಸ್ಟಾರ್ಟ್ ಆಗುತ್ತಿಲ್ಲ ಅಂತ ನಾವು ಒಂದೇ ಮಾತಲ್ಲಿ ಹೇಳುವುದು ಎರಡು ಬೇರೆ ಬೇರೆ ಕಾಯಿಲೆಗಳನ್ನು. ಎಂಜಿನ್ನು ತಿರುಗುವುದೇ ಇಲ್ಲ, ಅಥವಾ ನಿಧಾನಕ್ಕೆ ತಿರುಗುತ್ತದೆ ಅಂದರೆ ದೋಷ ಇರುವುದು ಬ್ಯಾಟರಿ, ದಪ್ಪ ವೈರುಗಳು, ಸೆಲ್ಫ್ ಮೋಟಾರು ಈ ದಾರಿಯಲ್ಲಿ. ಲವಲವಿಕೆಯಿಂದ ತಿರುಗಿಯೂ ಹತ್ತದೆ ಇದ್ದರೆ ಆ ದಾರಿ ನಿರ್ದೋಷಿ. ಕಿಡಿಯನ್ನೋ ಪೆಟ್ರೋಲನ್ನೋ ಹುಡುಕಬೇಕು. ನಮ್ಮದು ಮೊದಲನೆಯ ಜಾತಿ. ಅದಕ್ಕೆ ಕಾಯಿಲ್ ಬದಲಿಸಿದ್ದು ಕಾಲು ಉಳುಕಿದವನಿಗೆ ಕಣ್ಣಿನ ಡ್ರಾಪ್ಸ್ ಹಾಕಿದಂತೆ.

ಎರಡನೇ ಪ್ರಶ್ನೆ: "ನೂಕಿದ್ರೆ ಹತ್ತತದಾ?" ಹತ್ತುತ್ತಿತ್ತು. ನಮ್ಮ ಮನೆಯೆದುರು ಇಳಿಜಾರು. ಕೀಲಿ ತಿರುಗಿಸಿ, ಎರಡನೇ ಗೇರಿಗೆ ಹಾಕಿ, ಕ್ಲಚ್ಚು ಅದುಮಿ ಬಿಟ್ಟುಕೊಂಡು ಹೋದರೆ ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಬುಸ್ಸೆಂದು ಹತ್ತುತ್ತಿತ್ತು. ಒಂದು ತಿಂಗಳು ಹಾಗೇ ನಡೆಸಿದ್ದೆ. ನೂಕಿದರೆ ಹತ್ತುತ್ತದೆ ಅಂದರೆ ಕಿಡಿ ಇದೆ, ಪೆಟ್ರೋಲ್ ಇದೆ, ಟೈಮಿಂಗ್ ಇದೆ. ಇಳಿಜಾರು ದಿನಾ ನನಗೆ ಉತ್ತರ ಹೇಳುತ್ತಿತ್ತು, ನಾನು ಅದನ್ನು ಅನುಕೂಲ ಎಂದುಕೊಂಡಿದ್ದೆ.

ಮೂರನೆಯದು: "ಇತ್ತೀಚೆಗೆ ಯಾರು ಕೈ ಹಾಕಿದ್ರು?"

ಚೈತ್ರದಲ್ಲಿ ಬಣ್ಣ ಮಾಡಿಸಿದ್ದೆ ಅಂದೆ. ಬಾನೆಟ್ಟಿನ ಒಳಗೂ ಸೇರಿ. ಮೇಸ್ತ್ರಿ ಎಲೆಯಡಿಕೆ ಉಗಿದು ಬಂದು, "ಏಳಿ, ನೋಡಾಣ" ಅಂದರು.

ಅವರು ಏನು ಮಾಡಿದರು ಎಂದು ಹೇಳುವ ಮೊದಲು, ಸೆಲ್ಫಿನ ಸದ್ದಿನ ಬಗ್ಗೆ ಒಂದಿಷ್ಟು. ಕೀಲಿ ತಿರುಗಿಸಿದಾಗ ಟಕಟಕಟಕ ಎಂದು ಹಲ್ಲು ಕಡಿಯುವ ಸದ್ದು ಬಂದರೆ ಬ್ಯಾಟರಿ ಸೋತಿದೆ: ಸೊಲೆನಾಯ್ಡು ಎಳೆದುಕೊಳ್ಳುತ್ತದೆ, ಮೋಟಾರಿನ ಭಾರ ಬಿದ್ದೊಡನೆ ವೋಲ್ಟೇಜು ಕುಸಿಯುತ್ತದೆ, ಸೊಲೆನಾಯ್ಡು ಬಿಟ್ಟುಬಿಡುತ್ತದೆ, ಭಾರ ಇಳಿದದ್ದರಿಂದ ವೋಲ್ಟೇಜು ಮತ್ತೆ ಏರುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಒಂದೇ ಒಂದು ಟಕ್ ಬಂದು ಮೌನವಾದರೆ ಸೊಲೆನಾಯ್ಡಿನ ಒಳಗಿನ ಕಾಂಟ್ಯಾಕ್ಟೋ ಮೋಟಾರಿನ ಕಾರ್ಬನ್ನೋ ಸವೆದಿರಬಹುದು. ಉಯ್ಯ್ ಎಂದು ಮೋಟಾರೊಂದೇ ಹಗುರಾಗಿ ಸುತ್ತಿದರೆ ಅದರ ಹಲ್ಲು ಫ್ಲೈವೀಲನ್ನು ಕಚ್ಚುತ್ತಿಲ್ಲ. ಸದ್ದೇ ಇಲ್ಲದಿದ್ದರೆ ಹೆಡ್‌ಲೈಟು ಹಾಕಿ ಸೆಲ್ಫ್ ಹೊಡೆಯಿರಿ. ಲೈಟು ಪೂರ್ತಿ ಕಂದಿಹೋದರೆ ಬ್ಯಾಟರಿ ಅಥವಾ ಅದರ ಟರ್ಮಿನಲ್ಲು. ಲೈಟು ಜಗ್ಗದೆ ಉರಿಯುತ್ತಿದ್ದರೆ ಬ್ಯಾಟರಿಯಲ್ಲಿ ಶಕ್ತಿ ಇದೆ, ಮೋಟಾರಿಗೆ ತಲುಪುತ್ತಿಲ್ಲ. ಬಿಡಿಕಾಸು ಖರ್ಚಿಲ್ಲದ ಪರೀಕ್ಷೆ. ಇದನ್ನೂ ನಾನು ಮಾಡಿರಲಿಲ್ಲ.

ಟರ್ಮಿನಲ್ಲಿನ ಮೇಲೆ ಕೂರುವ ಹಸಿರು ಹುಡಿಯನ್ನು ಅಡಿಕೆ ತೋಟದವರು ನೋಡಿದರೆ ಥಟ್ಟನೆ ಗುರುತಿಸುತ್ತಾರೆ. ಔಷಧಿ ಹೊಡೆಯುವಾಗ ಸುಣ್ಣದ ಜೊತೆ ಕಲಸುವ ಮೈಲುತುತ್ತವೇ ಅದು. ಬ್ಯಾಟರಿಯ ಗಂಧಕಾಮ್ಲದ ಆವಿ ತಾಮ್ರವನ್ನು ತಿಂದು ತಾಮ್ರದ ಸಲ್ಫೇಟ್ ಆಗುತ್ತದೆ. ಕೊಳೆರೋಗಕ್ಕೆ ಒಳ್ಳೆಯದು, ಕರೆಂಟಿಗೆ ಅಡ್ಡ. ಅಡುಗೆ ಸೋಡಾ ಕದಡಿದ ಬಿಸಿನೀರು ಹಾಕಿ ತೊಳೆದು, ಒರೆಸಿ, ಬಿಗಿದು, ಮೇಲೆ ವ್ಯಾಸಲೀನು ಸವರಿದರೆ ವರ್ಷ ತಳ್ಳಬಹುದು.

ಮೇಸ್ತ್ರಿ ಬಾನೆಟ್ಟು ಎತ್ತಿದರು. ನನ್ನ ಮಲ್ಟಿಮೀಟರ್ ಕೇಳಿ ಇಸಿದುಕೊಂಡು ಬ್ಯಾಟರಿಯ ಎರಡು ಕೊಂಬಿಗೆ ಹಿಡಿದರು: 12.6 ವೋಲ್ಟ್. ಪೂರ್ತಿ ಚಾರ್ಜ್. ಸೆಲ್ಫ್ ಹೊಡೆಯಲು ಹೇಳಿದರು: 11ರ ಆಸುಪಾಸು. ಒಳ್ಳೆ ಬ್ಯಾಟರಿ ಸೆಲ್ಫಿನ ಭಾರದಲ್ಲೂ ಒಂಬತ್ತೂವರೆಗಿಂತ ಕೆಳಗೆ ಇಳಿಯಬಾರದು. ಇದು ಇಳಿಯುವುದಿರಲಿ, ಭಾರವೇ ಬಿದ್ದಿಲ್ಲ ಎನ್ನುವಂತಿತ್ತು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಒತ್ತಿದರು. ನನಗೆ ನಗು ಬಂತು. ಎರಡೂ ಮೈನಸ್ಸೇ ಅಲ್ಲವೇ, ಸೊನ್ನೆ ತೋರಿಸುತ್ತದೆ ಅಂದೆ. "ಹೊಡೀರಿ" ಅಂದರು. ಹೊಡೆದೆ. ಮೀಟರು 5 ವೋಲ್ಟ್ ತೋರಿಸಿತು.

ಒಳ್ಳೆ ಸ್ಥಿತಿಯಲ್ಲಿ ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಪಾಠ ಮಾಡಿದ ಲೆಕ್ಕವೇ: ಸೆಲ್ಫ್ ಮೋಟಾರು 100 ಆಂಪಿಯರ್ ಎಳೆಯುತ್ತದೆ ಅನ್ನಿ, ಹಿಂತಿರುಗುವ ದಾರಿಯಲ್ಲಿ ಎಲ್ಲೋ 0.05 ಓಮಿನ ಅಡ್ಡಿ ಇದೆ ಅನ್ನಿ, ಅಲ್ಲಿಗೇ 5 ವೋಲ್ಟ್ ಹೋಯಿತು. ಹನ್ನೆರಡರಲ್ಲಿ ಐದು ದಾರಿಯಲ್ಲೇ ಸೋರಿದರೆ ಮೋಟಾರಿಗೆ ಉಳಿಯುವುದೇನು? ಆ 0.05 ಓಮನ್ನು ಮೀಟರಿನ ಓಮ್ ಸ್ಥಾನದಲ್ಲಿಟ್ಟು ಅಳೆಯಲು ಹೋದರೆ ಕಾಣುವುದೂ ಇಲ್ಲ, ಮೀಟರಿನ ವೈರುಗಳ ಅಡ್ಡಿಯೇ ಅದಕ್ಕಿಂತ ಹೆಚ್ಚಿರುತ್ತದೆ. ನೂರು ಆಂಪಿಯರ್ ಹರಿಯುವಾಗ ಮಾತ್ರ ಅದು ಸಿಕ್ಕಿಬೀಳುವುದು. ದಾರಿಯಲ್ಲಿ ಹೊಂಡ ಇದೆಯೋ ಇಲ್ಲವೋ ನಡೆದು ಹೋಗುವವನಿಗೆ ಗೊತ್ತಾಗಲಿಕ್ಕಿಲ್ಲ, ಲೋಡು ತುಂಬಿದ ಲಾರಿಗೆ ಗೊತ್ತಾಗುತ್ತದೆ.

ಎಂಜಿನ್ನು ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ಕರೆಂಟು ಹರಿಯದು. ಅದಕ್ಕೇ ಎಂಜಿನ್ನಿಗೂ ಬಾಡಿಗೂ ನಡುವೆ ಜಡೆಯ ಹಾಗೆ ಹೆಣೆದ ತಾಮ್ರದ ಪಟ್ಟಿಯೊಂದು ಇರುತ್ತದೆ, ಅರ್ತ್ ಪಟ್ಟಿ. ಬಣ್ಣ ಮಾಡುವಾಗ ಅದನ್ನು ಬಿಚ್ಚಿ, ಬಾಡಿಗೆ ಪ್ರೈಮರು, ಎರಡು ಕೋಟು ಬಣ್ಣ ಹೊಡೆದು, ಆ ಹೊಳೆಯುವ ಬಣ್ಣದ ಮೇಲೆಯೇ ಪಟ್ಟಿಯನ್ನು ಇಟ್ಟು ಬೋಲ್ಟು ಬಿಗಿದಿದ್ದರು. ಬಣ್ಣ ಕರೆಂಟಿಗೆ ಗೋಡೆ. ಹಾಗಾದರೆ ಚೈತ್ರದಲ್ಲಿ ಮನೆಗೆ ತಂದ ದಿನ ಹೇಗೆ ಹತ್ತಿತ್ತು? ಬೋಲ್ಟಿನ ಮರೆಯೊಂದೇ ಕರೆಂಟು ದಾಟಿಸುತ್ತಿತ್ತು. ಮಳೆ ಹಿಡಿದ ಮೇಲೆ ಆ ಮರೆಗೂ ತುಕ್ಕು ಬಂತು. ದಾರಿ ತಪ್ಪಿದ ಕರೆಂಟು ಎಂಜಿನ್ನಿನಿಂದ ಬಾಡಿಗೆ ಬೇರೆ ಯಾವ ಲೋಹ ಹೋಗುತ್ತದೆ ಎಂದು ಹುಡುಕಿದಾಗ ಸಿಕ್ಕಿದ್ದು ಕಾರ್ಬೋರೇಟರಿನಿಂದ ಡ್ಯಾಶ್‌ಬೋರ್ಡಿಗೆ ಹೋಗುವ ಚೋಕ್ ವೈರು. ಹತ್ತಾರು ಆಂಪಿಯರ್ ಸೈಕಲ್ ಬ್ರೇಕಿನ ವೈರಿನಂಥದ್ದರಲ್ಲಿ ಹರಿದರೆ ಅದು ಹೀಟರಿನ ಕಾಯಿಲ್ಲೇ. ಇನ್ನೂ ನಾಲ್ಕು ಸಲ ಹೊಡೆದಿದ್ದರೆ ಹೊಗೆ ಬರುತ್ತಿತ್ತು.

ಹಳೇ ಕಾರುಗಳನ್ನು ಸಾಕುತ್ತ ಬಂದವನಾಗಿ ನನ್ನದೊಂದು ತೀರ್ಮಾನ ಇದೆ. ಇವುಗಳ ಕಾಯಿಲೆ ಅಂಗಾಂಗಗಳಲ್ಲಿ ಇರುವುದು ಕಡಿಮೆ, ಕೀಲುಗಳಲ್ಲಿ ಇರುವುದು ಹೆಚ್ಚು. ಮೋಟಾರು, ಕಾಯಿಲ್ಲು, ಬ್ಯಾಟರಿ ಕಣ್ಣಿಗೆ ಕಾಣುವ ವಸ್ತುಗಳು, ಅಂಗಡಿಯಲ್ಲಿ ಸಿಗುತ್ತವೆ, ಅದಕ್ಕೇ ಅವುಗಳ ಮೇಲೆ ಅನುಮಾನ. ಒಂದು ವಸ್ತು ಇನ್ನೊಂದನ್ನು ಮುಟ್ಟುವ ಜಾಗವನ್ನು ಯಾರೂ ಮಾರುವುದಿಲ್ಲ, ಆದ್ದರಿಂದ ಯಾರೂ ನೋಡುವುದೂ ಇಲ್ಲ.

ಕಿಡಿಯ ಕಡೆಯ ಕಾಯಿಲೆಗೂ ಈ ಮಾತು ಸಲ್ಲುತ್ತದೆ. ಅದನ್ನು ತಿಳಿಯಬೇಕಾದರೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕಟ್ಟಿಕೊಟ್ಟ ಏರ್ಪಾಡು ಸ್ವಲ್ಪ ಗೊತ್ತಿರಬೇಕು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಸೆಲ್ಫ್ ಸ್ಟಾರ್ಟರೂ ಬ್ಯಾಟರಿ ಇಗ್ನಿಷನ್ನೂ ಒಟ್ಟಿಗೆ ಬಂದವು. ಅಲ್ಲಿಯ ತನಕ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಅಂಬಾಸಿಡರ್ ಇಟ್ಟವರು ಆ ಹ್ಯಾಂಡಲ್ಲನ್ನು ಎಷ್ಟೋ ವರ್ಷ ಡಿಕ್ಕಿಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಹೆಬ್ಬೆರಳನ್ನು ಹ್ಯಾಂಡಲ್ಲಿಗೆ ಸುತ್ತದೆ ಉಳಿದ ನಾಲ್ಕು ಬೆರಳಿನ ಸಾಲಿನಲ್ಲೇ ಇಡಬೇಕು, ಇಲ್ಲವಾದರೆ ಎಂಜಿನ್ನು ಹಿಂದಕ್ಕೆ ಒದ್ದಾಗ ಮುರಿಯುತ್ತದೆ ಎಂಬ ಪಾಠ ನನಗೆ ನಮ್ಮಪ್ಪಯ್ಯನಿಂದ ಆಗಿತ್ತು. ಕೆಟರಿಂಗನ ಕಂಪನಿಯ ಚುಟುಕು ಹೆಸರು ಡೆಲ್ಕೋ. ಸ್ಪ್ಯಾನಿಶ್ ಆಡುವವರು ಇವತ್ತಿಗೂ ಡಿಸ್ಟ್ರಿಬ್ಯೂಟರನ್ನು ಡೆಲ್ಕೋ ಎಂದೇ ಕರೆಯುತ್ತಾರೆ.

ತೋಟಕ್ಕೆ ಪಂಪು ಇಟ್ಟವರಿಗೆ ಒಂದು ಅನುಭವ ಇರುತ್ತದೆ. ಪೈಪಿನಲ್ಲಿ ನೀರು ರಭಸದಿಂದ ಹರಿಯುವಾಗ ವಾಲ್ವನ್ನು ಗಕ್ಕನೆ ಮುಚ್ಚಿದರೆ ಪೈಪೆಲ್ಲ ದಢ್ ಎಂದು ಅದುರುತ್ತದೆ, ಕೆಲವೊಮ್ಮೆ ಸೀಳಿಯೂ ಬಿಡುತ್ತದೆ. ಕಾಯಿಲ್ಲಿನ ಕೆಲಸ ಇದೇ. ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟು ಎಂಬ ಎರಡು ಪುಟ್ಟ ಲೋಹದ ಗುಂಡಿಗಳು ಮುಟ್ಟಿಕೊಂಡಿರುವಾಗ ಕಾಯಿಲ್ಲಿನಲ್ಲಿ ಕರೆಂಟು ಹರಿಯುತ್ತದೆ. ಅವು ಗಕ್ಕನೆ ಬೇರೆಯಾದಾಗ ಆ ದಢ್ ಎಂಬ ಪೆಟ್ಟು 12 ವೋಲ್ಟನ್ನು ಹದಿನೈದು ಇಪ್ಪತ್ತು ಸಾವಿರಕ್ಕೆ ಏರಿಸುತ್ತದೆ, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಸಲ ಹೀಗಾಗಬೇಕು. ಪಾಯಿಂಟುಗಳ ನಡುವಿನ ಬಿಡುವು ಅರ್ಧ ಮಿಲಿಮೀಟರಿಗೂ ಕೊಂಚ ಕಡಿಮೆ. ಹತ್ತಿರ ಕೂತ ಕಂಡೆನ್ಸರು ಪಾಯಿಂಟು ಬಿಟ್ಟಾಗ ಅಲ್ಲೇ ಕಿಡಿ ಹಾರಿ ಕರೆಂಟು ವ್ಯರ್ಥವಾಗದಂತೆ ನೋಡಿಕೊಳ್ಳುತ್ತದೆ. ಅದು ಕೆಟ್ಟರೆ ಪಾಯಿಂಟು ಸುಟ್ಟು ಕಪ್ಪಾಗುತ್ತದೆ, ಪ್ಲಗ್ಗಿನಲ್ಲಿ ನೀಲಿ ಕಿಡಿಯ ಬದಲು ಸೊರಗಿದ ಹಳದಿ ಕಿಡಿ.

ಪರೀಕ್ಷೆ ಹೀಗೆ. ಕಾಯಿಲ್ಲಿನಿಂದ ಡಿಸ್ಟ್ರಿಬ್ಯೂಟರ್ ಕ್ಯಾಪಿನ ನಡುವಿಗೆ ಬರುವ ದಪ್ಪ ವೈರನ್ನು ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಎಂಜಿನ್ನಿನ ಲೋಹದಿಂದ ಐದಾರು ಮಿಲಿಮೀಟರ್ ದೂರ ಇಟ್ಟು ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಕೈಯಲ್ಲಿ ಹಿಡಿಯಬೇಡಿ, ಪೆಟ್ರೋಲ್ ವಾಸನೆ ಇದ್ದರೆ ಈ ಕೆಲಸಕ್ಕೇ ಹೋಗಬೇಡಿ. ಚಟ್ ಚಟ್ ಎಂದು ನೀಲಿ ಕಿಡಿ ಹಾರಿದರೆ ಕಾಯಿಲ್ಲೂ ಪಾಯಿಂಟೂ ಸರಿ ಇವೆ. ಆಮೇಲೂ ಪ್ಲಗ್ಗಿಗೆ ಕಿಡಿ ಬಾರದಿದ್ದರೆ ಕ್ಯಾಪನ್ನೂ ರೋಟರನ್ನೂ ನೋಡಿ. ಇಲ್ಲಿ ಕಿಡಿಯೇ ಇಲ್ಲದಿದ್ದರೆ ಹಿಂದಕ್ಕೆ ಹೋಗಿ ಪಾಯಿಂಟು ನೋಡಿ. ಎರಡು ತಿಂಗಳು ನಿಂತ ಕಾರು ಹತ್ತದಿದ್ದರೆ ನೂರಕ್ಕೆ ತೊಂಬತ್ತು ಸಲ ಪಾಯಿಂಟಿಗೆ ಕಣ್ಣಿಗೆ ಕಾಣದ ಕಿಲುಬು ಹಿಡಿದಿರುತ್ತದೆ ಎಂದು ಮೇಸ್ತ್ರಿಯ ಲೆಕ್ಕ. ಸಣ್ಣ ಅರದಿಂದ ಎರಡು ಸಲ ಎಳೆದು, ಶುಭ್ರ ಕಾಗದ ತೂರಿಸಿ ಒರೆಸಿದರೆ ಸಾಕು. ಎಮರಿ ಕಾಗದ ಬೇಡ, ಅದರ ಹರಳು ಅಲ್ಲೇ ಕೂತುಬಿಡುತ್ತದೆ.

ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯ ಸೀಮೆಯಲ್ಲಿ ಕ್ಯಾಪಿನ ಕಥೆಯೇ ಬೇರೆ. ಥಂಡಿ ಹಿಡಿದ ಕ್ಯಾಪಿನ ಒಳಮೈಯಲ್ಲಿ ಬೆವರು ಮೂಡುತ್ತದೆ, ಕಿಡಿ ಪ್ಲಗ್ಗಿಗೆ ಹೋಗುವ ಬದಲು ಆ ತೇವದ ಮೇಲೆಯೇ ಜಾರಿಕೊಂಡು ಹೋಗುತ್ತದೆ. ಹೋದ ದಾರಿಯಲ್ಲಿ ಸುಟ್ಟ ಗುರುತು ಬಿಡುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಇರುವೆ ಸಾಲಿನಂಥ ಸಪೂರ ಕಪ್ಪು ಗೆರೆ. ಬರಿ ತೇವ ಇದ್ದರೆ ಒಣಬಟ್ಟೆಯಲ್ಲಿ ಒರೆಸಿ, ಒಲೆಯ ಹತ್ತಿರ ಬೆಚ್ಚಗೆ ಮಾಡಿ ಹಾಕಬಹುದು. ಗೆರೆ ಬಿದ್ದರೆ ಕ್ಯಾಪು ಬದಲಿಸಲೇಬೇಕು, ಕರೆಂಟಿಗೆ ಆ ಕಾಲುದಾರಿ ರೂಢಿಯಾಗಿರುತ್ತದೆ.

ಕಿಡಿ ಸರಿ ಇದ್ದರೆ ಪ್ಲಗ್ಗು ಬಿಚ್ಚಿ ಮೂಸಿ. ನನ್ನ ತಲೆಮಾರಿಗೆ ಪ್ಲಗ್ಗು ಅಂದರೆ ಮೈಕೋ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಚಿಕ್ಕ ಹೆಸರು ಅದು. 2008ರಲ್ಲಿ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು, ಮೈಕೋ ಲೇಔಟ್ ಮಾತ್ರ ಹಾಗೇ ಉಳಿಯಿತು. ಬಿಚ್ಚಿದ ಪ್ಲಗ್ಗು ಒದ್ದೆಯಾಗಿ ಪೆಟ್ರೋಲ್ ನಾರುತ್ತಿದ್ದರೆ ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ, ಅಥವಾ ಚೋಕ್ ಎಳೆದೆಳೆದು ಓವರ್‌ಫ್ಲೋ ಮಾಡಿದ್ದೀರಿ. ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿಹಿಡಿದು ಹೊಡೆದರೆ ಒಣಗುತ್ತದೆ. ಪ್ಲಗ್ಗು ಒಣಗಿ ಖಡಕ್ಕಾಗಿದ್ದರೆ ಪೆಟ್ರೋಲೇ ಬರುತ್ತಿಲ್ಲ; ಎಸಿ ಪಂಪಿನ ಕಡೆ ನಡೆಯಿರಿ.

ಎಸಿ ಪಂಪು ಎಂದಾಗ ಏರ್ ಕಂಡೀಶನರ್ ನೆನಪಾಗುವವರಿಗೆ ಹೇಳುತ್ತೇನೆ: ಎಂಜಿನ್ನಿನ ಮೈಗೆ ಅಂಟಿ ಕೂತು ಪೆಟ್ರೋಲ್ ಎಳೆಯುವ ಆ ಪಂಪಿನ ಹೆಸರಿನಲ್ಲಿರುವುದು ಆಲ್ಬರ್ಟ್ ಚಾಂಪಿಯನ್ ಎಂಬಾತನ ಇನಿಶಿಯಲ್ಲು. ಫ್ರಾನ್ಸಿನ ಸೈಕಲ್ ಪಟು, 1899ರ ಪ್ಯಾರಿಸ್–ರೂಬೆ ರೇಸ್ ಗೆದ್ದವ, ಆಮೇಲೆ ಅಮೆರಿಕಕ್ಕೆ ಹೋಗಿ ಪ್ಲಗ್ಗು ಮಾಡಿದ. ನಮ್ಮೂರ ಗ್ಯಾರೇಜಿನ ಹುಡುಗರು ದಿನಾ ಅವನ ಹೆಸರು ಹೇಳುತ್ತಾರೆ. ಈ ಪಂಪಿನೊಳಗಿನ ಡಯಾಫ್ರಾಮೂ ಹಳೇ ರಬ್ಬರ್ ಪೈಪುಗಳೂ ಎಥನಾಲ್ ಕಾಣದ ಕಾಲದವು. 20 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥನಾಲಿಗೆ ನೀರು ಕಂಡರೆ ಪ್ರೀತಿ, ಹಳೇ ರಬ್ಬರು ಕಂಡರೆ ಹಸಿವು. ನಾನು ಪೈಪುಗಳನ್ನು ಬದಲಿಸಿಬಿಟ್ಟೆ, ಕಾರು ನಿಲ್ಲಿಸುವುದಾದರೆ ಟ್ಯಾಂಕು ಖಾಲಿ ಬಿಡುವುದಿಲ್ಲ. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುವ ಕಾಯಿಲೆಗೆ ಒದ್ದೆ ಬಟ್ಟೆಯೇ ಮದ್ದು. ಶಿರಾಡಿಯಲ್ಲಿ ನಮ್ಮಪ್ಪಯ್ಯ ಹೆಗಲ ಮೇಲಿನ ಟವೆಲ್ಲನ್ನೇ ತೊಯ್ಸಿ ಸುತ್ತಿ, ಹತ್ತು ನಿಮಿಷ ಕಾದು ಹೊರಟದ್ದು ನೆನಪಿದೆ.

ಶೆಡ್ಡಿಗೆ ವಾಪಸು ಬರೋಣ. ಮೇಸ್ತ್ರಿ ಇನ್ನೂ ಏನನ್ನೂ ಬಿಚ್ಚಿರಲಿಲ್ಲ. ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಕಚ್ಚಿಸಿದರು. "ಈಗ ಹೊಡೀರಿ." ಒಂದೇ ಏಟಿಗೆ ಎಂಜಿನ್ನು ಗಿರ್ರನೆ ತಿರುಗಿ ಹತ್ತಿತು. ಶೆಡ್ಡಿನ ಜಂತೆಯಲ್ಲಿದ್ದ ಕೋಳಿ ಹಾರಿಹೋಯಿತು. ಚೋಕ್ ಗುಂಡಿ ತಣ್ಣಗಿತ್ತು. ಅನುಮಾನ ಸಾಬೀತಾದ ಮೇಲಷ್ಟೇ ಅವರು ಸ್ಪ್ಯಾನರ್ ಕೇಳಿದ್ದು.

ಪಟ್ಟಿ ಬಿಚ್ಚಿ, ಹಳೇ ಬ್ಲೇಡಿನಲ್ಲಿ ಬಾಡಿಯ ಮೇಲಿನ ಹೊಸ ಬಣ್ಣವನ್ನು ಕೆರೆಯತೊಡಗಿದರು. ಒಂದು ರೂಪಾಯಿ ನಾಣ್ಯದಷ್ಟಗಲ. ಕೆನೆಬಣ್ಣ, ಅದರಡಿ ಬೂದು ಪ್ರೈಮರು, ಅದರಡಿ ಬೆಳ್ಳಗೆ ಮಿಂಚುವ ತಗಡು. ಕಾಫಿ ತಂದ ನನ್ನಾಕೆ ನೋಡಿ, "ಅಯ್ಯೋ, ಅಷ್ಟು ದುಡ್ಡು ಕೊಟ್ಟು ಬಳಿಸಿದ ಬಣ್ಣ ಕೆರೀತಿದ್ದೀರಲ್ಲ" ಅಂದಳು. "ಅಮ್ಮಾ, ಇಷ್ಟು ಜಾಗ ಬಿಟ್ಟು ಬಳಿದಿದ್ರೆ ನಾನು ಬರೋದೇ ಬೇಕಿರ್ಲಿಲ್ಲ" ಎಂದರು ಮೇಸ್ತ್ರಿ, ಪಟ್ಟಿಯ ತುದಿಯನ್ನು ಉಪ್ಪುಕಾಗದದಲ್ಲಿ ಉಜ್ಜುತ್ತ.

ಬಿಚ್ಚಿಟ್ಟ ಹಳೇ ಕಾಯಿಲ್ಲು ಈಗಲೂ ಡಿಕ್ಕಿಯಲ್ಲಿದೆ, ಮೇಲೆ ಸೀಮೆಸುಣ್ಣದಲ್ಲಿ "ಸರಿ ಇದೆ" ಎಂದು ಬರೆದಿದ್ದೇನೆ. ಆ ನಾಣ್ಯದಷ್ಟಗಲದ ಬೋಳು ಜಾಗಕ್ಕೆ ಪ್ರತಿ ವರ್ಷ ಮೃಗಶಿರ ಮಳೆ ಹಿಡಿಯುವ ಮೊದಲು ಪಟ್ಟಿ ಬಿಚ್ಚಿ, ಒರೆಸಿ, ಬಿಗಿದು, ಮೇಲೊಂದು ಬೆರಳು ಗ್ರೀಸು ಹಚ್ಚುತ್ತೇನೆ.